ಜಗಲಿಯ ಮೇಲೆ ಮೊಬೈಲ್ ಪಾಠ

ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಅಜ್ಜಿ ಮನೆ ಜಗಲಿಯಲ್ಲಿ ಪ್ರತಿ ಭಾನುವಾರ ನಾನೂ ನನ್ನ ತಂಗಿಯೂ ಬೀದಿಯ ಹಿರಿಯರಿಗೆ ಮೊಬೈಲ್ ಹೇಳಿಕೊಡುತ್ತೇವೆ. ಮೊದಲ ವಾರ ಹಾಳೆ ತುಂಬ ಪಾಠ ಬರೆದುಕೊಂಡು ಹೋಗಿದ್ದೆ. ವಾಟ್ಸ್ಆ್ಯಪ್, ಯುಪಿಐ, ಇಮೇಲ್, ಎಲ್ಲಾ. ಅರ್ಧ ಗಂಟೆಗೆ ಒಬ್ಬರು ಆಕಳಿಸಿದರು, ಇನ್ನೊಬ್ಬರು ಕಾಫಿ ಆಯ್ತಾ ಅಂದರು.

ಮುಂದಿನ ವಾರ ಹಾಳೆ ಬಿಟ್ಟು ಹೋದೆ. "ನಿಮಗೇನು ಬೇಕು ಹೇಳಿ" ಅಂತ ಕೇಳಿದೆ. ಒಬ್ಬ ನಿವೃತ್ತ ಮೇಷ್ಟ್ರು, "ರೇಡಿಯೋ ಕೆಟ್ಟಿದೆ ಕಣಮ್ಮ. ಅವಳು ಹೋದಮೇಲೆ ಮನೇಲಿ ಸದ್ದೇ ಇಲ್ಲ" ಅಂದರು. ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಮೈಸೂರು ಆಕಾಶವಾಣಿ ಹಾಕಿಕೊಟ್ಟೆ. ತಕ್ಷಣ ಅವರೇ ಮೇಷ್ಟ್ರಾದರು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು ಇದೇ ಒಂಟಿಕೊಪ್ಪಲಿನಲ್ಲಂತೆ. ಹುಟ್ಟಿದಾಗಿನಿಂದ ಇಲ್ಲೇ ಓಡಾಡಿದ್ದೇನೆ, ನನಗೆ ಗೊತ್ತೇ ಇರಲಿಲ್ಲ!

ಕಷ್ಟ ಇದ್ದದ್ದು ಬೆರಳಿನಲ್ಲಿ. "ಒತ್ತಿ" ಅಂದರೆ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಿದ್ದರು. ಐಕಾನ್ ಜಾಗ ಬಿಟ್ಟು ಎಲ್ಲೋ ಹೋಗಿಬಿಡುತ್ತಿತ್ತು. ಒಣಗಿದ ಬೆರಳಿಗಂತೂ ಸ್ಕ್ರೀನ್ ಜಗ್ಗುತ್ತಲೇ ಇರಲಿಲ್ಲ. ಪಕ್ಕದ ಮನೆ ಅಜ್ಜಿಗೆ ತಂಗಿ ಹೇಳಿದಳು, "ಕುಂಕುಮ ಇಡ್ತೀರಲ್ಲ, ಹಾಗೆ ಮುಟ್ಟಿ ಬಿಟ್ಟುಬಿಡಿ." ಬೆರಳನ್ನು ಒದ್ದೆ ಬಟ್ಟೆಗೆ ಒಮ್ಮೆ ತಾಗಿಸಿ ಮುಟ್ಟಿದರು. ತೆರೆಯಿತು. ಅಂದಿನಿಂದ ನಾವು "ಒತ್ತಿ" ಅನ್ನುವುದೇ ಇಲ್ಲ.

ದುಡ್ಡಿನ ವಿಷಯ ಕೊನೆಗಿಟ್ಟೆವು. ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು ಅಂತ ಬಾಯಿಪಾಠ ಮಾಡಿಸಿದೆವು. ಮೋಸ ಹೋದರೆ ತಕ್ಷಣ ಫೋನ್ ಮಾಡಬೇಕಾದ 1930 ಈಗ ಎಲ್ಲರ ಮನೆ ಕ್ಯಾಲೆಂಡರಿನ ಮೇಲಿದೆ.

ಅಮೆರಿಕದಲ್ಲಿರುವ ತಮ್ಮ ಮಕ್ಕಳಿಗೆ ವಿಡಿಯೋ ಕಾಲ್ ಮಾಡೋದು ಕಲಿಸಿದರೆ ಒಂಟಿತನ ಹೋಗುತ್ತೆ ಅಂದುಕೊಂಡಿದ್ದೆ. ಅದು ವಾರಕ್ಕೆ ಹತ್ತು ನಿಮಿಷದ ಮಾತು, ಅಷ್ಟೇ. ನಿಜವಾಗಿ ಕೆಲಸ ಮಾಡಿದ್ದು ಬೀದಿಯವರದೇ ಗ್ರೂಪ್. ಬೆಳಗಾದರೆ ಗುಲಾಬಿ ಹೂವು, ಶುಭೋದಯ. ನಾವು ನಗುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಎಂಟಾದರೂ ಪಕ್ಕದ ಮನೆ ಅಜ್ಜಿಯ ಗುಲಾಬಿ ಬರಲಿಲ್ಲ. ಮೇಷ್ಟ್ರು ಗಾಬರಿಯಿಂದ ಕೊಡೆ ಹಿಡಿದು ಅವರ ಮನೆಗೇ ಹೋದರು. ನೋಡಿದರೆ ಚಾರ್ಜ್ ಖಾಲಿ, ಅಷ್ಟೇ. ಬಂದವರನ್ನು ಅಜ್ಜಿ ಹಾಗೇ ಕಳಿಸಲಿಲ್ಲ, ಕೂರಿಸಿ ದೋಸೆ ಹಾಕಿಕೊಟ್ಟರು.

ಈಗ ಅಜ್ಜಿಯ ಫೋನಿನ ಚಾರ್ಜ್ ಆಗಾಗ ಖಾಲಿಯಾಗುತ್ತದೆ. ಬ್ಯಾಟರಿ ನೋಡಿದೆ, ಚೆನ್ನಾಗೇ ಇದೆ.