ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್. ಸಾಲುಗಳನ್ನು ಓದುವುದು ಹೇಗೆ

"ಇ.ಆರ್. ನೆಗೆಟಿವ್ ಅಂತ ಬಂದಿದೆ ಕಣೇ, ಒಳ್ಳೇದೇ ಅಲ್ವಾ?" ಅಕ್ಕ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹತ್ತೊಂಬತ್ತು ವರ್ಷದಿಂದ ಇಂಥ ರಿಪೋರ್ಟುಗಳನ್ನೇ ಬರೆಯುತ್ತಿರುವ ಪೆಥಾಲಜಿಸ್ಟ್ ನಾನು. ಬೇರೆ ಪರೀಕ್ಷೆಗಳಲ್ಲಿ ನೆಗೆಟಿವ್ ಅಂದರೆ ನಿರಾಳ. ಈ ಪರೀಕ್ಷೆಯಲ್ಲಿ ಹಾಗಲ್ಲ. ಇಲ್ಲಿ ಪಾಸಿಟಿವ್ ಬಂತೆಂದರೆ ಗಡ್ಡೆಯ ಜುಟ್ಟು ನಮ್ಮ ಕೈಗೆ ಸಿಕ್ಕಿತು ಎಂದು ಅರ್ಥ.

ಯಾಕೆಂದು ಮೊದಲು ತಿಳಿದುಕೊಳ್ಳಿ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಕೊಬ್ಬಿನಲ್ಲಿ ಕರಗುವ ಪುಟ್ಟ ಅಣು. ಜೀವಕೋಶದ ಪೊರೆ ಅದನ್ನು ತಡೆಯುವುದಿಲ್ಲ. ಒಳಗೆ ಕೋಶದ ಕೇಂದ್ರವಾದ ನ್ಯೂಕ್ಲಿಯಸ್‌ನಲ್ಲಿ ಅದಕ್ಕಾಗಿ ಕಾದಿರುವ ಪ್ರೋಟೀನೇ ಇ.ಆರ್., ಅಂದರೆ ಈಸ್ಟ್ರೋಜನ್ ರಿಸೆಪ್ಟರ್. ಎರಡೂ ಕೂಡಿಕೊಂಡು ಡಿ.ಎನ್.ಎ. ಮೇಲೆ ಕೂತು, ಕೋಶ ಬೆಳೆದು ಇಬ್ಭಾಗವಾಗಲು ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಮನುಷ್ಯರಲ್ಲಿ ಇಂಥ ನ್ಯೂಕ್ಲಿಯರ್ ರಿಸೆಪ್ಟರ್‌ಗಳು 48 ಇವೆ. ನಿಮ್ಮ ರಿಪೋರ್ಟಿಗೆ ಬೇಕಾದವು ಇ.ಆರ್. ಮತ್ತು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರ್ ಪಿ.ಆರ್. ಮಾತ್ರ. ಅದೇ ಪುಟದಲ್ಲಿ ಕಾಣುವ ಹರ್-2 ಎಂಬ ಪ್ರೋಟೀನ್ ಈ ಕುಟುಂಬದ್ದಲ್ಲ. ಅದು ಕೋಶದ ಹೊರಪೊರೆಯ ಮೇಲಿರುತ್ತದೆ, ಅದರ ಔಷಧಿಗಳೂ ಬೇರೆ. ರಿಸೆಪ್ಟರ್ ಎಂಬ ಪದವೇ ಇಲ್ಲದ 1896ರಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗುತ್ತದೆಂದು ತೋರಿಸಿದ್ದರು. ಹಾಗೇಕೆ ಆಗುತ್ತದೆಂಬುದು ತಿಳಿದದ್ದು ಅಮೆರಿಕದ ವಿಜ್ಞಾನಿ ಎಲ್ವುಡ್ ಜೆನ್ಸನ್ ಈ ರಿಸೆಪ್ಟರನ್ನು ಹಿಡಿದು ತೋರಿಸಿದ ಮೇಲೆ.

ಈಗ ರಿಪೋರ್ಟ್ ಕೈಗೆತ್ತಿಕೊಳ್ಳಿ. ಪಾಸಿಟಿವ್, ನೆಗೆಟಿವ್ ಎಂಬ ಪದಕ್ಕೇ ನಿಲ್ಲಬೇಡಿ, ಪಕ್ಕದ ಅಂಕಿ ನೋಡಿ. ನಾವು ಸ್ಲೈಡಿನಲ್ಲಿ ನೋಡುವುದು ಬಣ್ಣವನ್ನು. ರಿಸೆಪ್ಟರ್ ಇರುವ ನ್ಯೂಕ್ಲಿಯಸ್ ಕಾಫಿಪುಡಿಯಂಥ ಕಂದು, ಇಲ್ಲದ್ದು ತಿಳಿನೀಲಿ. ನೂರು ಕ್ಯಾನ್ಸರ್ ಕೋಶಗಳಲ್ಲಿ ಎಷ್ಟು ಕಂದಾಗಿವೆ ಎಂಬುದು ಶೇಕಡಾವಾರು. ಆ ಕಂದು ಎಷ್ಟು ಗಾಢ ಎಂಬುದನ್ನು ದುರ್ಬಲ, ಮಧ್ಯಮ, ಪ್ರಬಲ ಎಂದು ಬರೆಯುತ್ತೇವೆ. ಕೆಲವರು ಎರಡನ್ನೂ ಕೂಡಿಸಿ 8ಕ್ಕೆ ಇಷ್ಟು ಎಂದು ಆಲ್‌ರೆಡ್ ಸ್ಕೋರ್ ಕೊಡುತ್ತಾರೆ. 3 ಮತ್ತು ಮೇಲ್ಪಟ್ಟದ್ದು ಪಾಸಿಟಿವ್. ಶೇ. 1ಕ್ಕಿಂತ ಕಡಿಮೆಯಾದರೆ ನೆಗೆಟಿವ್. ಶೇ. 1ರಿಂದ 10ರ ನಡುವೆ ಇದ್ದರೆ 'ಲೋ ಪಾಸಿಟಿವ್': ಹಾರ್ಮೋನ್ ಮಾತ್ರೆ ಕೊಡಬಹುದು, ಆದರೆ ಇಂಥ ಗಡ್ಡೆ ಎಷ್ಟೋ ಸಲ ನೆಗೆಟಿವ್ ಗಡ್ಡೆಯಂತೆಯೇ ವರ್ತಿಸುತ್ತದೆ. ಶೇ. 5 ಮತ್ತು ಶೇ. 95 ಎರಡಕ್ಕೂ ಪಾಸಿಟಿವ್ ಎಂದೇ ಹೆಸರು. ಕಾಯಿಲೆ ಒಂದೇ ಅಲ್ಲ. ಪಿ.ಆರ್. ಅನ್ನು ಉಪೇಕ್ಷಿಸಬೇಡಿ. ಇ.ಆರ್. ಕೆಲಸ ಮಾಡಿದಾಗ ಹುಟ್ಟುವ ಪ್ರೋಟೀನ್ ಅದು. ಅದೂ ಚೆನ್ನಾಗಿದ್ದರೆ ಆ ದಾರಿ ಜೀವಂತವಾಗಿದೆ ಎಂದು ತಿಳಿಯಬಹುದು.

ನೆಗೆಟಿವ್ ಎಂದಿದ್ದರೆ ಇನ್ನೊಂದು ಸಾಲು ಹುಡುಕಿ: 'ಇಂಟರ್ನಲ್ ಕಂಟ್ರೋಲ್'. ಗಡ್ಡೆಯ ಪಕ್ಕದ ಆರೋಗ್ಯವಂತ ಹಾಲುನಾಳಗಳಲ್ಲಿ ಸಹಜವಾಗಿಯೇ ಅಲ್ಲಲ್ಲಿ ಕಂದು ನ್ಯೂಕ್ಲಿಯಸ್ ಇರಬೇಕು. ನಾನು ಯಾವ ಸ್ಲೈಡ್ ನೋಡಿದರೂ ಮೊದಲು ಅಲ್ಲಿಗೇ ಕಣ್ಣು ಹಾಯಿಸುತ್ತೇನೆ. ಅಕ್ಕನ ಸ್ಲೈಡ್ ತರಿಸಿ ನೋಡಿದೆ. ಗಡ್ಡೆಯೂ ನೀಲಿ, ನಾಳಗಳೂ ನೀಲಿ. ಸೋತದ್ದು ಪರೀಕ್ಷೆಯೇ! ವಿಚಾರಿಸಿದಾಗ ಗೊತ್ತಾಯಿತು: ಶನಿವಾರ ಸಂಜೆ ತೆಗೆದ ಗಡ್ಡೆಯನ್ನು ಸೀಳದೆ ಇಡಿಯಾಗಿ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟು ಸೋಮವಾರ ಕೊಯ್ದಿದ್ದರು. ಒಳಭಾಗಕ್ಕೆ ದ್ರಾವಣ ತಲುಪಿರಲೇ ಇಲ್ಲ. ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಸೀಳಿ ಫಾರ್ಮಲಿನ್‌ಗೆ ಹಾಕಬೇಕು, 6ರಿಂದ 72 ಗಂಟೆ ಇಡಬೇಕು. ಪುಣ್ಯಕ್ಕೆ ಆಪರೇಷನ್ನಿಗೆ ಮುಂಚಿನ ಸೂಜಿ ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಉಳಿದಿತ್ತು. ಅದರಲ್ಲಿ ಮತ್ತೆ ಪರೀಕ್ಷಿಸಿದರೆ ಇ.ಆರ್. ಶೇ. 90, ಪ್ರಬಲ. ಆ ದಿನ ನಾನು ಮೈಕ್ರೋಸ್ಕೋಪಿನ ಮುಂದೆಯೇ ಕೂತು ಅತ್ತೆ.

ಹಾಗಾಗಿ ಅನುಮಾನ ಬಂದರೆ ಸಂಕೋಚಪಡದೆ ಕೇಳಿ: ಕಂಟ್ರೋಲ್ ಬಣ್ಣ ಹಿಡಿದಿತ್ತೇ? ಇನ್ನೊಂದು ಬ್ಲಾಕಿನಲ್ಲಿ ಮಾಡಬಹುದೇ? ಕೇಳುವುದು ನಿಮ್ಮ ಹಕ್ಕು. ನಿಜವಾಗಿಯೂ ನೆಗೆಟಿವ್ ಆದರೆ ಹಾರ್ಮೋನ್ ಮಾತ್ರೆಯಿಂದ ಪ್ರಯೋಜನವಿಲ್ಲ, ಚಿಕಿತ್ಸೆಯ ದಾರಿ ಬೇರೆ.

ಪಾಸಿಟಿವ್ ಇದ್ದವರಿಗೆ ಮಾತ್ರೆ ಯಾವುದೆಂಬುದನ್ನು ಬಹುಮಟ್ಟಿಗೆ ಮುಟ್ಟು ನಿಂತಿದೆಯೇ ಇಲ್ಲವೇ ಎಂಬುದೇ ನಿರ್ಧರಿಸುತ್ತದೆ. ಟಮಾಕ್ಸಿಫೆನ್, ದಿನಕ್ಕೆ 20 ಮಿ.ಗ್ರಾಂ., ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. 5 ವರ್ಷ ತೆಗೆದುಕೊಂಡವರಲ್ಲಿ ಮುಂದಿನ 15 ವರ್ಷ ಈ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತವೆ. ಅಂಡಾಶಯ ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಸುಮ್ಮನಾಗಿಸುವ ಚಿಕಿತ್ಸೆಯಿಲ್ಲದೆ ಇವು ಸಾಲವು.

ಮಾತ್ರೆ ಶುರುವಾದ ಮೇಲೆ ಕೆಲವು ವಿಷಯ ಮರೆಯಬೇಡಿ. ಟಮಾಕ್ಸಿಫೆನ್ ಗರ್ಭಕೋಶದಲ್ಲಿ ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತದೆ, ಆದ್ದರಿಂದ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕೂಡಲೇ ತೋರಿಸಿ. ಒಂದೇ ಕಾಲು ಊದಿ ನೋವಾದರೂ ಅಷ್ಟೇ, ರಕ್ತ ಹೆಪ್ಪುಗಟ್ಟಿರಬಹುದು. ಖಿನ್ನತೆಗೆ ಪ್ಯಾರೊಕ್ಸೆಟಿನ್ ಅಥವಾ ಫ್ಲೂಆಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಯಕೃತ್ತು ಟಮಾಕ್ಸಿಫೆನ್ನನ್ನು ಬಲವಾದ ರೂಪಕ್ಕೆ ಬದಲಿಸುವುದನ್ನು ಅವು ತಡೆಯುತ್ತವೆ. ಲೆಟ್ರೊಜೋಲ್ ಗುಂಪಿನವು ಮೂಳೆ ಸವೆಸುತ್ತವೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳಿ. ಮೈ ಬಿಸಿಯೇರುವುದು, ಕೀಲುನೋವು ತಾಳಲಾರದಾದಾಗ ಅನೇಕರು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾತ್ರೆ ಬದಲಿಸುವ ದಾರಿಯಿದೆ. ಅಕ್ಕನಿಗೂ ಬೆಳಗ್ಗೆ ಎದ್ದರೆ ಬೆರಳು ಮಡಚಲಾಗುತ್ತಿರಲಿಲ್ಲ. ಲೆಟ್ರೊಜೋಲ್ ಬಿಡಿಸಿ ಎಕ್ಸಿಮೆಸ್ಟೇನ್ ಕೊಟ್ಟ ಮೇಲೆ ಸುಧಾರಿಸಿತು.

ಕಾಯಿಲೆ ಮರುಕಳಿಸಿದರೆ ಹಳೆಯ ರಿಪೋರ್ಟನ್ನೇ ನಂಬಿ ಕೂರಬೇಡಿ, ರಿಸೆಪ್ಟರ್ ಬದಲಾಗಿರಬಹುದು. ಸಾಧ್ಯವಾದರೆ ಹೊಸ ಜಾಗದ ಬಯಾಪ್ಸಿ ಮಾಡಿಸಿ. ಇ.ಆರ್. ತಯಾರಿಸುವ ಇ.ಎಸ್.ಆರ್.1 ಜೀನ್ ಕೆಟ್ಟು, ಈಸ್ಟ್ರೋಜನ್ ಇಲ್ಲದೆಯೂ ರಿಸೆಪ್ಟರ್ ತಾನಾಗಿ ಓಡುವುದುಂಟು. ಅದು ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ. ಅಂಥ ಗಡ್ಡೆಗೆಂದೇ, ರಿಸೆಪ್ಟರನ್ನೇ ನಾಶಮಾಡುವ ಎಲಾಸೆಸ್ಟ್ರಂಟ್ ಮಾತ್ರೆ 2023ರಲ್ಲಿ ಬಂದಿದೆ. ಆಗ ಮೊದಲ ಬ್ಲಾಕೂ ಬೇಕಾಗಬಹುದು. ಅದರ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ, ರಿಪೋರ್ಟಿನ ಮೇಲ್ಭಾಗದಲ್ಲೇ ಇರುತ್ತದೆ.