ಅಂಧ ಓದುಗರ ಆಡಿಯೋ ಪುಸ್ತಕ ಪ್ಲೇಯರ್: ಕೊಳ್ಳುವ ಮೊದಲು ಪರೀಕ್ಷಿಸುವ ಬಗೆ

ಅಂಧರಿಗಾಗಿ ತಯಾರಿಸಿದ ಪುಸ್ತಕ ಪ್ಲೇಯರ್ ಮೇಲ್ನೋಟಕ್ಕೆ ಹಾಡು ಕೇಳುವ ಸಾಧನದಂತೆಯೇ ಇರುವುದರಿಂದ, ಕೊಳ್ಳಲು ಹೋದವರು ಸಾಮಾನ್ಯವಾಗಿ ಧ್ವನಿ ಎಷ್ಟು ಸ್ಪಷ್ಟವಾಗಿದೆ ಎಂಬುದನ್ನಷ್ಟೇ ಕೇಳಿ ತೀರ್ಮಾನಕ್ಕೆ ಬರುತ್ತಾರೆ. ಆದರೆ ಹಾಡು ಐದು ನಿಮಿಷದಲ್ಲಿ ಮುಗಿಯುತ್ತದೆ. ಕಾದಂಬರಿಯೊಂದು ಹತ್ತು ಹದಿನೈದು ಗಂಟೆಗಳ ಕಾಲ, ಹಲವು ದಿನಗಳಲ್ಲಿ ಬಿಟ್ಟು ಬಿಟ್ಟು ನಡೆಯುತ್ತದೆ. ಹಾಗಾಗಿ ಬೇಕಾದ ಅಧ್ಯಾಯಕ್ಕೆ ನೇರವಾಗಿ ತಲುಪಲು ಮತ್ತು ನಿನ್ನೆ ಬಿಟ್ಟ ಸಾಲಿಗೆ ತಪ್ಪದೆ ಮರಳಲು ಯಾರ ನೆರವೂ ಇಲ್ಲದೆ ಸಾಧ್ಯವಾಗುತ್ತದೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ಮೊದಲ ಪರೀಕ್ಷೆ.

ಅಂಗಡಿಯವರು ತುಂಬಿಟ್ಟ ಮಾದರಿ ಪುಸ್ತಕದಿಂದ ಏನೂ ತಿಳಿಯುವುದಿಲ್ಲ. ನಿಮ್ಮದೇ ಮೆಮೊರಿ ಕಾರ್ಡಿನಲ್ಲಿ ಒಂದು ಡೈಸಿ ಪುಸ್ತಕ, ಎಂಪಿ3 ಕಡತಗಳಿರುವ ಒಂದು ಫೋಲ್ಡರ್, ಒಂದು ಇ-ಪಬ್ (ಇ-ಪುಸ್ತಕದ ಕಡತ) ಮತ್ತು ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿರುವ ಒಂದು ಕನ್ನಡ ಪಠ್ಯ ಕಡತವನ್ನು ಹಾಕಿಕೊಂಡು ಹೋಗಿ.

ಡೈಸಿ ಎಂಬುದು ಅಚ್ಚಿನ ಪುಸ್ತಕ ಓದಲಾಗದವರಿಗಾಗಿಯೇ ರೂಪುಗೊಂಡ ಮಾನದಂಡ. ಅದನ್ನು ಬೆಳೆಸಿದ ಡೈಸಿ ಕನ್ಸಾರ್ಷಿಯಂ 1996ರಲ್ಲಿ ಆರಂಭವಾಯಿತು. ಈ ಬಗೆಯ ಪುಸ್ತಕದಲ್ಲಿ ಶೀರ್ಷಿಕೆಗಳನ್ನು ಆರು ಹಂತಗಳವರೆಗೆ ಗುರುತಿಸಬಹುದು, ಪುಟಸಂಖ್ಯೆಗಳನ್ನೂ ಸೇರಿಸಬಹುದು. ಭಾರತದಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಇಂಥ ಪುಸ್ತಕಗಳ ತಯಾರಿಕೆ ಸುಲಭವಾಯಿತು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಆರಂಭವಾಯಿತು, ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳೂ ಧ್ವನಿ ಪುಸ್ತಕಗಳನ್ನು ಒದಗಿಸುತ್ತಿವೆ. ಪೆಟ್ಟಿಗೆಯ ಮೇಲೆ ಡೈಸಿ ಎಂದು ಬರೆದಿದ್ದ ಮಾತ್ರಕ್ಕೆ ಈ ಪುಸ್ತಕಗಳೆಲ್ಲ ಸರಿಯಾಗಿ ತೆರೆಯುತ್ತವೆ ಎಂದು ನಂಬಬೇಡಿ. ಡೈಸಿ 2.02 ಮತ್ತು ಡೈಸಿ 3 ಎಂಬ ಎರಡು ಆವೃತ್ತಿಗಳೂ ನಡೆಯುತ್ತವೆಯೇ, ಧ್ವನಿಯಿಲ್ಲದೆ ಬರಿಯ ಪಠ್ಯವಿರುವ ಡೈಸಿ ಪುಸ್ತಕವನ್ನೂ ಓದುತ್ತದೆಯೇ ಎಂದು ತೆರೆದೇ ನೋಡಬೇಕು.

ಪುಸ್ತಕ ತೆರೆದ ಮೇಲೆ ಒಂದು ಕೆಲಸ ಮಾಡಿ. ಏಳನೆಯ ಅಧ್ಯಾಯದ ಎರಡನೆಯ ಉಪಶೀರ್ಷಿಕೆಗೆ ಹೋಗಿ, ಅಲ್ಲಿಂದ ಪುಟಸಂಖ್ಯೆ ಒತ್ತಿ 112ನೆಯ ಪುಟಕ್ಕೆ ಹಾರಿ, ಒಂದು ಬುಕ್‌ಮಾರ್ಕ್ ಇಡಿ. ಬಳಿಕ ಬೇರೊಂದು ಪುಸ್ತಕವನ್ನು ಸ್ವಲ್ಪ ಹೊತ್ತು ಕೇಳಿ, ಪ್ಲೇಯರನ್ನು ಆರಿಸಿ, ಕಾರ್ಡನ್ನು ಹೊರತೆಗೆದು ಮತ್ತೆ ಹಾಕಿ, ಮೊದಲ ಪುಸ್ತಕಕ್ಕೆ ಮರಳಿ. ಅದು ಬಿಟ್ಟ ಸಾಲಿನಿಂದಲೇ ಮುಂದುವರಿಯಬೇಕು, ಬುಕ್‌ಮಾರ್ಕ್ ಉಳಿದಿರಬೇಕು. ಪ್ರತಿ ಪುಸ್ತಕದ ಸ್ಥಾನವನ್ನೂ ಬೇರೆ ಬೇರೆಯಾಗಿ ನೆನಪಿಡದ ಪ್ಲೇಯರ್ ಎಷ್ಟೇ ಅಗ್ಗವಾಗಿದ್ದರೂ ವಿದ್ಯಾರ್ಥಿಗಳು ಅದನ್ನು ಕೊಳ್ಳಬಾರದು. ಎಂಪಿ3 ಫೋಲ್ಡರಿನಲ್ಲಿ ಕಡತಗಳ ಕ್ರಮವನ್ನೂ ಗಮನಿಸಿ: ಕೆಲವು ಸಾಧನಗಳು 1ರ ನಂತರ 10ನ್ನು ನುಡಿಸಿ, ಆಮೇಲೆ 2ಕ್ಕೆ ಬರುತ್ತವೆ. ಕಡತಗಳಿಗೆ 01, 02 ಎಂದು ಹೆಸರಿಟ್ಟರೆ ಈ ತೊಂದರೆ ತಪ್ಪುತ್ತದೆ.

ಕನ್ನಡ ಓದುಗರಿಗೆ ಇನ್ನೊಂದು ಪರೀಕ್ಷೆ ಅನಿವಾರ್ಯ. ಮನುಷ್ಯರ ದನಿಯಲ್ಲಿ ಧ್ವನಿಮುದ್ರಿಸಿದ ಕನ್ನಡ ಪುಸ್ತಕವನ್ನು ಯಾವ ಪ್ಲೇಯರ್ ಆದರೂ ನುಡಿಸೀತು. ಕನ್ನಡ ಪಠ್ಯವನ್ನು ತಾನೇ ಓದಬೇಕಾದರೆ ಅದರಲ್ಲಿ ಕನ್ನಡದ ಕೃತಕ ಧ್ವನಿ ಇರಲೇಬೇಕು. ಇದೆ ಎಂದು ಮಾರುವವರು ಹೇಳಿದರೆ ಅಷ್ಟಕ್ಕೇ ಒಪ್ಪದೆ, ಸ್ವಾತಂತ್ರ್ಯ, ಕರ್ತೃ, ವೈಶಿಷ್ಟ್ಯ ಮುಂತಾದ ಪದಗಳೂ, 1947 ಎಂಬ ಇಸವಿಯೂ, ನಡುವೆ ಎರಡು ಇಂಗ್ಲಿಷ್ ಪದಗಳೂ ಇರುವ ಒಂದು ಪ್ಯಾರಾವನ್ನು ಓದಿಸಿ ಕೇಳಿ. ಒತ್ತಕ್ಷರವನ್ನು ನುಂಗುತ್ತದೆಯೇ, ಇಂಗ್ಲಿಷ್ ಪದ ಬಂದಾಗ ಅದನ್ನು ಸುಮ್ಮನೆ ದಾಟುತ್ತದೆಯೇ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಹಳೆಯ ಕಡತವಾದರೆ ಅರ್ಥವಿಲ್ಲದ ಅಕ್ಷರಗಳೇ ಕೇಳಿಸುತ್ತವೆ. ಅದು ಪ್ಲೇಯರಿನ ದೋಷವಲ್ಲ, ಕಡತವನ್ನು ಮೊದಲು ಕಂಪ್ಯೂಟರಿನಲ್ಲಿ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಗುಂಡಿಗಳ ಪರೀಕ್ಷೆಯನ್ನು ಬಳಸುವವರೇ ಮಾಡಬೇಕು, ಜೊತೆಗೆ ಬಂದ ಕಣ್ಣುಳ್ಳವರಲ್ಲ. ಗುಂಡಿಗಳು ಒಂದರಿಂದೊಂದು ಬೇರೆಯಾಗಿ ಬೆರಳಿಗೆ ಸಿಗಬೇಕು, 5ರ ಮೇಲೆ ಉಬ್ಬು ಚುಕ್ಕೆ ಇರಬೇಕು, ಒತ್ತಿದ್ದು ಬೆರಳಿಗೂ ಕಿವಿಗೂ ತಿಳಿಯಬೇಕು. ಯಾವ ಗುಂಡಿ ಏನು ಮಾಡುತ್ತದೆ ಎಂದು ಒತ್ತಿದಾಗ ಹೆಸರು ಹೇಳುವ ವ್ಯವಸ್ಥೆ ಉತ್ತಮ ಪ್ಲೇಯರ್‌ಗಳಲ್ಲಿ ಇರುತ್ತದೆ. ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ ಪ್ಲೇಯರ್‌ನಲ್ಲಿ ಇದು ಬಹಳ ಉಪಯುಕ್ತವಾಗಿದೆ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರಲ್ಲಿ ಬೆರಳ ತುದಿಯ ಸ್ಪರ್ಶವೂ ಮಂದವಾಗಿರಬಹುದು. ಅಂಥವರಿಗಾಗಿ ಕೊಳ್ಳುವಾಗ ಸಾಧನ ಚಿಕ್ಕದಾಗಿರುವುದು ಅನುಕೂಲವಲ್ಲ, ಅಡ್ಡಿ. ದೊಡ್ಡ, ಕಡಿಮೆ ಗುಂಡಿಗಳ ಮೇಜಿನ ಮೇಲಿಡುವ ಪ್ಲೇಯರ್ ಅವರಿಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಟಚ್ ಸ್ಕ್ರೀನ್ ಮತ್ತು ಮೊಬೈಲ್ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚೆನ್ನಾಗಿ ರೂಢಿಯಾಗಿರುವ ಯುವಕರಿಗಾದರೆ ಮೊಬೈಲೇ ಸಾಕಾಗಬಹುದು. ಅವರಿಗೆ ಪ್ರತ್ಯೇಕ ಸಾಧನವನ್ನು ಒತ್ತಾಯಿಸಿ ಕೊಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಓದಿನ ವೇಗ ಹೆಚ್ಚಿಸಿದಾಗ ದನಿ ಕೀರಲಾಗಬಾರದು. ನಿದ್ದೆ ಬಂದರೆ ತಾನೇ ನಿಲ್ಲುವ ಟೈಮರ್ ಇರಲಿ. ಬ್ಯಾಟರಿ ಎಷ್ಟು ಉಳಿದಿದೆ ಎಂದು ಬಾಯಿಬಿಟ್ಟು ಹೇಳಬೇಕು, ದೀಪದ ಬಣ್ಣದಿಂದ ತೋರಿಸಿದರೆ ಉಪಯೋಗವಿಲ್ಲ. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಮುದ್ರಿಸಿದ ಒಂದು ಗಂಟೆಯ ಓದು ಸುಮಾರು 29 ಎಂಬಿ ಜಾಗ ಹಿಡಿಯುವುದರಿಂದ, 32 ಜಿಬಿ ಕಾರ್ಡಿನಲ್ಲಿ ಸಾವಿರ ಗಂಟೆಗೂ ಹೆಚ್ಚು ಓದು ಹಿಡಿಸುತ್ತದೆ. ಇನ್ನೂ ದೊಡ್ಡ ಕಾರ್ಡಿಗೆ ದುಡ್ಡು ಸುರಿಯಬೇಕಿಲ್ಲ, ಹಳೆಯ ಮಾದರಿಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸದೆ ಇರುವುದೂ ಉಂಟು. ಕಾರ್ಡ್ ಬೆರಳಿನುಗುರಿನಷ್ಟು ಚಿಕ್ಕದಾದ ಮೈಕ್ರೊ ಎಸ್‌ಡಿಯಾದರೆ ಅದನ್ನು ತಡಕಿ ಸರಿಯಾದ ದಿಕ್ಕಿನಲ್ಲಿ ತೂರಿಸಲು ಬಳಸುವವರಿಗೆ ಆಗುತ್ತದೆಯೇ ಎಂದು ಅಲ್ಲೇ ಮಾಡಿಸಿ ನೋಡಿ. ಆಗದಿದ್ದರೆ ಯುಎಸ್‌ಬಿ ಕೇಬಲ್ ಮೂಲಕ ಪುಸ್ತಕ ತುಂಬಬಹುದೇ ಎಂದು ವಿಚಾರಿಸಿ.

ಹಣ ಕೊಡುವ ಮುನ್ನ ಬ್ಯಾಟರಿ ಸೋತರೆ ಬದಲಾಯಿಸಿ ಕೊಡುತ್ತಾರೆಯೇ, ರಿಪೇರಿ ಭಾರತದಲ್ಲೇ ನಡೆಯುತ್ತದೆಯೇ ಅಥವಾ ಹೊರದೇಶಕ್ಕೆ ಕಳಿಸಬೇಕೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಕೈಪಿಡಿಯನ್ನು ಅಚ್ಚಿನ ಬದಲು ಧ್ವನಿಯಲ್ಲಿ ಅಥವಾ ಸ್ಕ್ರೀನ್ ರೀಡರ್ ಓದಬಲ್ಲ ಕಡತವಾಗಿ ಕೇಳಿ ಪಡೆಯಿರಿ.