ಕೊಡಗಿನ ಕಲ್ಲು ಕ್ವಾರಿ: ವರ್ಷಕ್ಕೆ ಎಷ್ಟು ಟನ್ ಬಂದೀತು, ಅಂದಾಜು ಹಾಕುವ ಬಗೆ

ನೆಲದಲ್ಲಿ ಎಷ್ಟು ಕಲ್ಲಿದೆ ಎಂದು ಅಳೆದರೆ ಉತ್ಪಾದನೆ ತಿಳಿಯುವುದಿಲ್ಲ. ಕುಳಿ ಕೊರೆಯುವುದು, ಸಿಡಿಸುವುದು, ಲೋಡಿಂಗ್, ಸಾಗಣೆ, ಕ್ರಷರ್ ಇವುಗಳಲ್ಲಿ ಯಾವುದು ಗಂಟೆಗೆ ಅತಿ ಕಡಿಮೆ ಟನ್ ದಾಟಿಸುತ್ತದೋ, ಉಳಿದದ್ದೆಲ್ಲ ಅದರ ಹಿಂದೆ ನಿಲ್ಲುತ್ತದೆ.

ಶುರು ಕುಳಿಯಿಂದ. ಕಲ್ಲಿನ ಮುಖದಿಂದ (ತೆರೆದು ನಿಂತ ಬಂಡೆಯ ಬದಿ) 1 ಮೀಟರ್, ಕುಳಿಯಿಂದ ಕುಳಿಗೆ 1.2 ಮೀಟರ್, ಬೆಂಚಿನ (ಮೆಟ್ಟಿಲಿನಂತೆ ಕಡಿದ ಹಂತ) ಎತ್ತರ 1.5 ಮೀಟರ್ ಇದ್ದರೆ ಒಂದು ಕುಳಿಗೆ 1.8 ಘನ ಮೀಟರ್ ಕಲ್ಲು. ಗಟ್ಟಿ ಕಲ್ಲನ್ನು ಘನ ಮೀಟರಿಗೆ 2.65 ಟನ್ ಹಿಡಿದರೆ 4.8 ಟನ್ ಹತ್ತಿರ. 40 ಕುಳಿಗೆ 190 ಟನ್. ಸಿಡಿದ ಕಲ್ಲು ಸುಮಾರು ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಟಿಪ್ಪರಿನ ತೊಟ್ಟಿ ಅಳೆದು ಲೆಕ್ಕ ಹಾಕುವವರು ಘನ ಮೀಟರಿಗೆ 1.75 ಟನ್ ಹಿಡಿಯಬೇಕು. ಅಲ್ಲೂ 2.65 ಹಾಕಿದರೆ ಇಲ್ಲದ ಕಲ್ಲು ಪುಸ್ತಕಕ್ಕೆ ಬರುತ್ತದೆ.

ಖರ್ಚು ಉಳಿಸಲು ಕುಳಿಗಳ ಅಂತರ ಹಿಗ್ಗಿಸುವುದೇ ದೊಡ್ಡ ತಪ್ಪು: ಕಲ್ಲು ದಪ್ಪ ತುಂಡಾಗಿ ಬೀಳುತ್ತದೆ. 20×12 ಇಂಚು ಬಾಯಿಯ ಜಾ ಕ್ರಷರಿಗೆ (ದವಡೆಯಂತೆ ಕಲ್ಲು ಒಡೆಯುವ ಯಂತ್ರ) 10 ಇಂಚಿಗಿಂತ ದಪ್ಪದ ಕಲ್ಲು ಹಾಕಿದರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ರೇಕರ್ ಬಂದು ಒಡೆಯುವವರೆಗೆ ಬೆಲ್ಟ್ ಖಾಲಿ ತಿರುಗುತ್ತದೆ, ಡೀಸೆಲ್ ಮಾತ್ರ ಉರಿಯುತ್ತದೆ.

ದಿನಗಳ ಲೆಕ್ಕದಲ್ಲಿ ಕೊಡಗು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಬಿಟ್ಟುಬಿಡಿ: ಗುಂಡಿಯಲ್ಲಿ ನೀರು, ಕಲ್ಲಿಗಂಟಿದ ಕೆಸರಿನಿಂದ ಜರಡಿ ಕಟ್ಟುವುದು, ಮೇಲಾಗಿ ಭಾರಿ ವಾಹನಕ್ಕೆ ಜಿಲ್ಲಾಡಳಿತದ ತಡೆ ಬೀಳುವುದುಂಟು. ಕುಶಾಲನಗರದ ಕಡೆ ಮಳೆ ಕಡಿಮೆಯಾದರೂ ಜಲ್ಲಿ ಕೊಳ್ಳುವ ಕಟ್ಟಡಗಳು ಮಳೆ ಜೋರಿರುವ ಮಡಿಕೇರಿ ಕಡೆಯೂ ಇರುತ್ತವಲ್ಲ! ಉಳಿದ 8 ತಿಂಗಳಿಗೆ 25ರಂತೆ 200 ದಿನ. ಹುತ್ತರಿ, ರಿಪೇರಿ ಕಳೆದು 185. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಕೂಲಿಯಾಳು ತೋಟಕ್ಕೆ ಹೋಗುತ್ತಾರೆ. ಇದೆಲ್ಲ ನೋಡಿ 8 ಗಂಟೆಯ ಪಾಳಿಯಲ್ಲಿ ಕ್ರಷರ್ ನಿಜಕ್ಕೂ ಅರೆಯುವುದು 6 ಗಂಟೆ ಎಂದಿಟ್ಟುಕೊಳ್ಳಿ. ಕ್ರಷರೇ ಅತಿ ನಿಧಾನದ ಹಂತವಾದರೆ, ಗಂಟೆಗೆ 30 ಟನ್ನಿನ ಯಂತ್ರಕ್ಕೆ 185×6×30, ಅಂದರೆ 33,300 ಟನ್.

ಮೇಲ್ಮಣ್ಣನ್ನು ಏಪ್ರಿಲ್ ಒಳಗೆ ತೆಗೆಯಿರಿ. ಮಣ್ಣಿನ ಬೆಂಚು 1.5 ಮೀಟರಿಗಿಂತ ಎತ್ತರ ಬೇಡ, ಅಗಲ ಎತ್ತರಕ್ಕಿಂತ ಕಡಿಮೆಯೂ ಬೇಡ. ಕಡಿದಾಗಿ ಬಿಟ್ಟರೆ ಮೊದಲ ಮಳೆಗೇ ಕುಸಿದು ಕಲ್ಲಿನ ಮುಖ ಮುಚ್ಚುತ್ತದೆ.

ಬಂದ ಅಂಕಿಯನ್ನು ಕ್ವಾರಿ ಯೋಜನೆ ಮತ್ತು ಪರಿಸರ ಅನುಮತಿಯಲ್ಲಿರುವ ವಾರ್ಷಿಕ ಪ್ರಮಾಣದ ಪಕ್ಕ ಇಡಿ. ಇವುಗಳಲ್ಲಿ ಕಡಿಮೆಯದ್ದೇ ಮಿತಿ, ಅನುಮತಿಯ ಪ್ರಮಾಣ ಮೀರಿದರೆ ದಂಡ. ಹೊಸ ಗುತ್ತಿಗೆಗೆ ಕೈಹಾಕುವವರು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿ ತಮ್ಮ ಗ್ರಾಮವಿದೆಯೇ ಎಂದು ಯಂತ್ರ ಕೊಳ್ಳುವ ಮುಂಚೆಯೇ ನೋಡಬೇಕು: ಆ ಕರಡು ಕ್ವಾರಿಯನ್ನು ಪೂರ್ತಿ ನಿಷೇಧಿಸುತ್ತದೆ.